ಆರ್ಕಿಡ್ ಸಂಘ

ಆರ್ಕಿಡ್ ಸಂಘವು ಆರ್ಕಿಡೇಸೀ ಕುಟುಂಬದ ಸಸ್ಯಗಳನ್ನು ಬೆಳೆಸುವ, ಗುರುತಿಸುವ ಮತ್ತು ಸಂರಕ್ಷಿಸುವ ಆಸಕ್ತಿಯುಳ್ಳವರು ಒಟ್ಟುಗೂಡಿ ನಡೆಸುವ ಸ್ವಯಂಪ್ರೇರಿತ ಸಂಸ್ಥೆಯಾಗಿದೆ. ಹವ್ಯಾಸಿ ಬೆಳೆಗಾರರು, ಸಸ್ಯಶಾಸ್ತ್ರಜ್ಞರು, ತೋಟಗಾರಿಕೆಯ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಸಸಿ ಮಾರಾಟಗಾರರು ಇಂತಹ ಸಂಘಗಳ ಸದಸ್ಯರಾಗಿರುತ್ತಾರೆ. ನಿಯತಕಾಲಿಕ ಸಭೆ, ಹೂವಿನ ಗಿಡಗಳ ಪ್ರದರ್ಶನ, ಕುಂಡ ಬದಲಾವಣೆಯ ಪ್ರಾತ್ಯಕ್ಷಿಕೆ ಹಾಗೂ ಅತಿಥಿ ಉಪನ್ಯಾಸ ಇವುಗಳ ಮುಖ್ಯ ಚಟುವಟಿಕೆಗಳು. ಆರ್ಕಿಡ್‌ಗಳ ಬೇಸಾಯ ಕ್ರಮವು ಊರಿನ ಉಷ್ಣತೆ, ಗಾಳಿಯ ತೇವಾಂಶ ಮತ್ತು ನೀರಿನ ಗುಣವನ್ನು ಅವಲಂಬಿಸಿ ಬಹಳವಾಗಿ ಬದಲಾಗುವುದರಿಂದ, ಒಂದು ಪ್ರದೇಶದಲ್ಲಿ ಸರಿಯಾದ ಸಲಹೆಯು ಇನ್ನೊಂದು ಪ್ರದೇಶದಲ್ಲಿ ಗಿಡದ ನಾಶಕ್ಕೆ ಕಾರಣವಾಗಬಹುದು. ಹೊರಗಿನಿಂದ ಬಂದ ತಜ್ಞರ ತಿಳಿವಳಿಕೆಯನ್ನು ಸ್ಥಳೀಯ ಪರಿಸ್ಥಿತಿಗೆ ಒಗ್ಗಿಸಿಕೊಳ್ಳುವುದೇ ಸ್ಥಳೀಯ ಸಂಘದ ಪ್ರಧಾನ ಉಪಯೋಗವಾಗಿದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯಂತಹ ಬಿಸಿ ಬಯಲು ಪ್ರದೇಶಗಳಲ್ಲಿ ಈ ಅಗತ್ಯವು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹೆಸರು ಮತ್ತು ಸಸ್ಯ ಪರಿಚಯ

ಆರ್ಕಿಡ್ ಎಂಬ ಪದವು 'ಆರ್ಕಿಸ್' ಎಂಬ ಗ್ರೀಕ್ ಪದದಿಂದ ಬಂದಿದೆ. ಕೆಲವು ನೆಲವಾಸಿ ಪ್ರಭೇದಗಳ ಜೋಡಿ ಗೆಡ್ಡೆಗಳ ಆಕಾರವು ವೃಷಣವನ್ನು ಹೋಲುವುದರಿಂದ ಈ ಹೆಸರು ರೂಢಿಗೆ ಬಂತು. ಕರ್ನಾಟಕದ ಮಲೆನಾಡಿನಲ್ಲಿ ಮರದ ಮೇಲೆ ಬೆಳೆದು ಉದ್ದನೆಯ ಗೊಂಚಲಾಗಿ ಹೂ ಬಿಡುವ ಆರ್ಕಿಡ್‌ಗಳನ್ನು ಸೀತಾಳೆ, ಸೀತಾಳೆ ದಂಡೆ ಎಂದು ಕರೆಯುತ್ತಾರೆ. ದಂಡೆ ಎಂದರೆ ಹೆಣ್ಣುಮಕ್ಕಳು ಮುಡಿಯುವ ಹೂಮಾಲೆ. ರಿಂಕೋಸ್ಟೈಲಿಸ್ ರೆಟ್ಯೂಸ ಎಂಬ ಪ್ರಭೇದಕ್ಕೆ ಈ ಹೆಸರು ವಿಶೇಷವಾಗಿ ಸಲ್ಲುತ್ತದೆ. ಇದೇ ಪ್ರಭೇದವು ಅಸ್ಸಾಮಿನಲ್ಲಿ 'ಕಪೌ ಫೂಲ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದು, ಆ ರಾಜ್ಯದ ರಾಜ್ಯಪುಷ್ಪವಾಗಿದೆ.

ಪ್ರಪಂಚದಲ್ಲಿ ಸುಮಾರು 28,000 ಆರ್ಕಿಡ್ ಪ್ರಭೇದಗಳಿವೆ ಎಂದು ಅಂದಾಜಿಸಲಾಗಿದೆ. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆಯು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 155 ಕುಲಗಳಿಗೆ ಸೇರಿದ 1,256 ಪ್ರಭೇದಗಳಿವೆ. ಅವುಗಳಲ್ಲಿ 388 ಪ್ರಭೇದಗಳು ಭಾರತಕ್ಕೆ ಸೀಮಿತವಾಗಿದ್ದು, ಈ ಸೀಮಿತ ಪ್ರಭೇದಗಳ ಪೈಕಿ ಸುಮಾರು ಮೂರನೆಯ ಒಂದು ಭಾಗವು ಪಶ್ಚಿಮ ಘಟ್ಟಗಳಲ್ಲಿ ಕಂಡುಬರುತ್ತದೆ. ಕರ್ನಾಟಕದ ಕಾಡು ಆರ್ಕಿಡ್‌ಗಳನ್ನು ಕುರಿತು ಟಿ. ಆನಂದರಾವ್ ಮತ್ತು ಎಸ್. ಶ್ರೀಧರ್ ಅವರು ಸಿದ್ಧಪಡಿಸಿದ ಸಚಿತ್ರ ಸಂಗ್ರಹವು 2007ರಲ್ಲಿ ಪ್ರಕಟವಾಯಿತು.

ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು ಜನರು ಅನೇಕ ವೇಳೆ ಬಂದಳಿಕೆಯೆಂದು ತಪ್ಪಾಗಿ ತಿಳಿಯುತ್ತಾರೆ. ಬಂದಳಿಕೆಯು ಆಶ್ರಯ ಮರದ ಕೊಂಬೆಯೊಳಗೆ ಬೇರನ್ನು ಇಳಿಸಿ ನೀರು ಮತ್ತು ಲವಣಗಳನ್ನು ಹೀರುವ ಪರಾವಲಂಬಿ ಸಸ್ಯ. ಆರ್ಕಿಡ್ ಹಾಗಲ್ಲ, ಅದು ಮರದ ತೊಗಟೆಯನ್ನು ಅಪ್ಪಿಕೊಂಡು ಬೆಳೆಯುವ ಅಪ್ಪುಗಿಡ. ಮಳೆ, ಮಂಜು ಮತ್ತು ತೊಗಟೆಯ ಮೇಲೆ ಶೇಖರವಾಗುವ ಕಸಕಡ್ಡಿಯಿಂದ ತನಗೆ ಬೇಕಾದುದನ್ನು ಪಡೆಯುತ್ತದೆ. ಮರಕ್ಕೆ ಇದರಿಂದ ಹಾನಿಯಿಲ್ಲ. ಈ ವ್ಯತ್ಯಾಸವನ್ನು ತಿಳಿಸುವುದು ಆರ್ಕಿಡ್ ಸಂಘಗಳ ಆರಂಭಿಕ ಪಾಠಗಳಲ್ಲಿ ಒಂದಾಗಿದೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉಷ್ಣವಲಯದ ಆರ್ಕಿಡ್‌ಗಳು ಹಡಗುಗಳಲ್ಲಿ ಇಂಗ್ಲೆಂಡಿಗೆ ಹೆಚ್ಚಿನ ಸಂಖ್ಯೆಯಲ್ಲಿ ಬರತೊಡಗಿದವು. ಉಷ್ಣವಲಯದ ಸಸ್ಯವೆಂದರೆ ಸದಾ ಬಿಸಿಯೂ ತೇವವೂ ಆದ ಮುಚ್ಚಿದ ಕೋಣೆಯಲ್ಲಿ ಇರಬೇಕು ಎಂಬುದು ಅಂದಿನ ತೋಟಗಾರರ ನಂಬಿಕೆಯಾಗಿತ್ತು. ಗಾಳಿಯಾಡದ ಆ ಗಾಜಿನ ಮನೆಗಳಲ್ಲಿ ತಂಪು ಬೆಟ್ಟಗಳಿಂದ ತಂದ ಗಿಡಗಳೂ ಬಿಸಿ ತಗ್ಗುಗಳಿಂದ ತಂದ ಗಿಡಗಳೂ ಒಂದೇ ರೀತಿಯ ಆರೈಕೆ ಪಡೆದು ಅಪಾರ ಸಂಖ್ಯೆಯಲ್ಲಿ ಸತ್ತವು. ಚಾಟ್ಸ್‌ವರ್ತ್ ತೋಟದ ಮುಖ್ಯಸ್ಥನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಗಿಡಗಳನ್ನು ಅವುಗಳ ಮೂಲನೆಲೆಯ ಹವೆಗೆ ಅನುಗುಣವಾಗಿ ವಿಂಗಡಿಸಿ, ಗಾಳಿಯಾಡುವಂತೆ ಮಾಡಿ, ಉತ್ತಮ ಫಲಿತಾಂಶ ಪಡೆದನು. ಅದೇ ತೋಟದ ಜಾನ್ ಗಿಬ್ಸನ್ ಎಂಬಾತನು ಭಾರತಕ್ಕೆ ಬಂದು ಖಾಸಿ ಬೆಟ್ಟಗಳಲ್ಲಿ ಸಂಗ್ರಹಿಸಿದ ಆರ್ಕಿಡ್‌ಗಳು 1837ರಲ್ಲಿ ಚಾಟ್ಸ್‌ವರ್ತ್ ತಲುಪಿದವು. ಗಿಡ ಎಲ್ಲಿಯದು ಎಂಬ ತಿಳಿವಳಿಕೆಯಿಲ್ಲದೆ ಅದನ್ನು ಬೆಳೆಸಲಾಗದು ಎಂಬ ಪಾಠವು ಹೀಗೆ ದೊಡ್ಡ ಬೆಲೆ ತೆತ್ತು ಕಲಿತದ್ದಾಗಿದೆ.

ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು 1889ರಲ್ಲಿ ಪ್ರತ್ಯೇಕ ಆರ್ಕಿಡ್ ಸಮಿತಿಯನ್ನು ರಚಿಸಿತು. 1897ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆರಂಭವಾದ ಸಂಘವು ಪ್ರಪಂಚದ ಅತ್ಯಂತ ಹಳೆಯ ಆರ್ಕಿಡ್ ಸಂಘಗಳಲ್ಲಿ ಒಂದಾಗಿದೆ. ಅಮೆರಿಕನ್ ಆರ್ಕಿಡ್ ಸೊಸೈಟಿ 1921ರಲ್ಲಿ ಸ್ಥಾಪನೆಯಾಯಿತು. ಮೊದಲ ವಿಶ್ವ ಆರ್ಕಿಡ್ ಸಮ್ಮೇಳನವು 1954ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ನಡೆಯಿತು.

ಏಷ್ಯಾದ ಬಿಸಿ ಪ್ರದೇಶಗಳಿಗೆ ಸಿಂಗಾಪುರದ ಉದಾಹರಣೆಯು ಹೆಚ್ಚು ಪ್ರಸ್ತುತವಾಗಿದೆ. ಅಲ್ಲಿ 1928ರಲ್ಲಿ ಮಲಯನ್ ಆರ್ಕಿಡ್ ಸೊಸೈಟಿ ಆರಂಭವಾಯಿತು. ಸಿಂಗಾಪುರ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಎರಿಕ್ ಹಾಲ್ಟಮ್ ಅದರ ಸ್ಥಾಪಕರಲ್ಲಿ ಒಬ್ಬರು. ಯುರೋಪಿನ ಗಾಜಿನ ಮನೆಗಳಿಗಾಗಿ ಬರೆದ ಸೂಚನೆಗಳು ಸಮಭಾಜಕ ವೃತ್ತದ ಬಳಿಯ ಅಂಗಳಕ್ಕೆ ಹೊಂದುತ್ತಿರಲಿಲ್ಲ. ಆದುದರಿಂದ ಆ ಸಂಘದ ಸದಸ್ಯರು ತಮ್ಮ ತೋಟಗಳಲ್ಲಿ ಕಂಡದ್ದನ್ನು ತಮ್ಮದೇ ಪತ್ರಿಕೆಯಲ್ಲಿ ದಾಖಲಿಸುತ್ತ, ಬಯಲಿನಲ್ಲಿ ಬಿಸಿಲಿಗೆ ಬೆಳೆಯಬಲ್ಲ ಸಂಕರ ತಳಿಗಳತ್ತ ಗಮನ ಹರಿಸಿದರು. ಈ ಸಂಸ್ಥೆಯು ಮುಂದೆ ಆಗ್ನೇಯ ಏಷ್ಯಾದ ಆರ್ಕಿಡ್ ಸೊಸೈಟಿ ಎಂಬ ಹೆಸರನ್ನು ಪಡೆಯಿತು.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಸಸ್ಯಗಳನ್ನು ಕುರಿತ ಆರಂಭಿಕ ಮುದ್ರಿತ ಗ್ರಂಥಗಳಲ್ಲಿ ಒಂದಾದ 'ಹೋರ್ಟಸ್ ಮಲಬಾರಿಕಸ್' (1678–1693) ಕೇರಳದ ಕೆಲವು ಆರ್ಕಿಡ್‌ಗಳನ್ನು ಚಿತ್ರಸಹಿತ ವರ್ಣಿಸಿದೆ. ಆಧುನಿಕ ಕಾಲದಲ್ಲಿ ಆರ್ಕಿಡ್ ಸೊಸೈಟಿ ಆಫ್ ಇಂಡಿಯಾ 1984ರಲ್ಲಿ ಚಂಡೀಗಢದಲ್ಲಿ ಆರಂಭವಾಗಿ ಸಂಶೋಧನ ಪತ್ರಿಕೆಯೊಂದನ್ನು ಪ್ರಕಟಿಸುತ್ತಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆರ್ಕಿಡ್ ಸಂಶೋಧನಾ ಕೇಂದ್ರವು 1996ರಲ್ಲಿ ಸಿಕ್ಕಿಮಿನ ಪಾಕ್ಯೋಂಗ್‌ನಲ್ಲಿ ಸ್ಥಾಪನೆಯಾಯಿತು. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣೆಯು ತಮಿಳುನಾಡಿನ ಯೇರ್ಕಾಡಿನಲ್ಲಿ ಆರ್ಕಿಡ್ ಉದ್ಯಾನವನ್ನು ನಿರ್ವಹಿಸುತ್ತಿದೆ.

ಕರ್ನಾಟಕದಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ 'ದಿ ಆರ್ಕಿಡ್ ಸೊಸೈಟಿ ಆಫ್ ಕರ್ನಾಟಕ' (ಸಂಕ್ಷಿಪ್ತವಾಗಿ ಟೋಸ್ಕರ್) ಈ ಕ್ಷೇತ್ರದ ಪ್ರಮುಖ ಸಂಘವಾಗಿದೆ. ಇದು ಸದಸ್ಯರ ಸಭೆಗಳನ್ನು, ತಜ್ಞರ ಉಪನ್ಯಾಸಗಳನ್ನು ಮತ್ತು ಲಾಲ್‌ಬಾಗ್‌ನಲ್ಲಿ ಆರ್ಕಿಡ್ ಪ್ರದರ್ಶನಗಳನ್ನು ಏರ್ಪಡಿಸಿದ್ದು, ವಾರ್ತಾಪತ್ರವನ್ನೂ ಹೊರತಂದಿದೆ. ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳೂ ಅನೇಕರಿಗೆ ಆರ್ಕಿಡ್‌ಗಳ ಮೊದಲ ಪರಿಚಯವನ್ನು ಮಾಡಿಕೊಟ್ಟಿವೆ.

ಉತ್ತರ ಕರ್ನಾಟಕದಲ್ಲಿ ತೋಟಗಾರಿಕೆಯ ಶಿಕ್ಷಣಕ್ಕೆ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು (ಸ್ಥಾಪನೆ 2008) ಕೇಂದ್ರವಾಗಿದೆ. ಅದರ ಅಂಗಸಂಸ್ಥೆಯಾದ ಮುನಿರಾಬಾದ್ ತೋಟಗಾರಿಕಾ ಮಹಾವಿದ್ಯಾಲಯವು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಜಲಾಶಯದ ಸಮೀಪದಲ್ಲಿದೆ. ಶಿರಸಿಯ ತೋಟಗಾರಿಕಾ ಮಹಾವಿದ್ಯಾಲಯವು ಮಲೆನಾಡಿನಲ್ಲಿದೆ. ಒಂದು ಬಯಲಿನ ಅನುಭವವನ್ನೂ ಇನ್ನೊಂದು ಕಾಡಿನ ಅನುಭವವನ್ನೂ ಒದಗಿಸಬಲ್ಲ ನೆಲೆಗಳಾಗಿವೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಾಗೂ ತಾಲ್ಲೂಕು ಮಟ್ಟದ ತೋಟಗಾರಿಕೆ ಇಲಾಖೆಯ ಕಚೇರಿಗಳು ಇತರ ಸಂಪನ್ಮೂಲಗಳಾಗಿವೆ.

ಅತಿಥಿ ಉಪನ್ಯಾಸದ ಸ್ವರೂಪ

ಆರ್ಕಿಡ್ ಸಂಘಗಳ ಸಭೆಯು ಸಾಮಾನ್ಯವಾಗಿ ಪ್ರದರ್ಶನ ಮೇಜಿನಿಂದ ಆರಂಭವಾಗುತ್ತದೆ. ಸದಸ್ಯರು ಹೂ ಬಿಟ್ಟ ಗಿಡಗಳನ್ನು ತಂದಿಟ್ಟು, ಅವುಗಳ ಹೆಸರು ಮತ್ತು ಬೆಳೆಸಿದ ಕ್ರಮವನ್ನು ಹೇಳುತ್ತಾರೆ. ಅನಂತರ ಅತಿಥಿಯ ಉಪನ್ಯಾಸ, ಪ್ರಶ್ನೋತ್ತರ ಮತ್ತು ಪ್ರಾತ್ಯಕ್ಷಿಕೆ ನಡೆಯುತ್ತವೆ. ಹೂ ಬಿಟ್ಟ ಗಿಡಗಳ ಜೊತೆಗೆ ಸೊರಗಿದ ಗಿಡಗಳನ್ನೂ ಮೇಜಿನ ಮೇಲೆ ಇಡುವ ಪದ್ಧತಿಯು ಕಲಿಕೆಯ ದೃಷ್ಟಿಯಿಂದ ಹೆಚ್ಚು ಪ್ರಯೋಜನಕರ. ಕೊಳೆತ ಬೇರು, ಸುಕ್ಕುಗಟ್ಟಿದ ಎಲೆ, ಬಿಸಿಲಿಗೆ ಸುಟ್ಟ ಕಲೆ ಮತ್ತು ಲವಣದಿಂದ ಕಪ್ಪಾದ ಬೇರುತುದಿ ಇವುಗಳನ್ನು ಪುಸ್ತಕದ ಚಿತ್ರಕ್ಕಿಂತ ಕೈಯಲ್ಲಿ ಹಿಡಿದು ನೋಡಿದಾಗ ಸುಲಭವಾಗಿ ಗುರುತಿಸಬಹುದು.

ಅತಿಥಿಗಳು ಮುಖ್ಯವಾಗಿ ಮೂರು ಬಗೆಯವರಾಗಿರುತ್ತಾರೆ. ಮೊದಲನೆಯವರು ಕಾಡಿನಲ್ಲಿ ಸಸ್ಯಗಳನ್ನು ಅಧ್ಯಯನ ಮಾಡಿದ ಸಸ್ಯಶಾಸ್ತ್ರಜ್ಞರು. ಇವರು ಪ್ರಭೇದಗಳ ನೆಲೆ, ಹೂ ಬಿಡುವ ಕಾಲ ಮತ್ತು ಪರಾಗಸ್ಪರ್ಶವನ್ನು ವಿವರಿಸುತ್ತಾರೆ. ಎರಡನೆಯವರು ವಾಣಿಜ್ಯ ಬೆಳೆಗಾರರು. ನೆರಳುಪರದೆ, ಗೊಬ್ಬರದ ಪ್ರಮಾಣ ಮತ್ತು ರೋಗ ನಿರ್ವಹಣೆಯಲ್ಲಿ ಇವರ ಅನುಭವ ದೊಡ್ಡದು. ಮೂರನೆಯವರು ಬಹುಕಾಲ ಮನೆಯಂಗಳದಲ್ಲಿ ಗಿಡ ಬೆಳೆಸಿದ ಹವ್ಯಾಸಿಗಳು.

ಈ ಮೂವರ ಮಾತಿನಲ್ಲೂ ಎರಡು ಭಾಗಗಳಿರುತ್ತವೆ. ಒಂದು, ಎಲ್ಲೆಡೆ ಸತ್ಯವಾದ ಸಸ್ಯದ ಸ್ವಭಾವ. ಇನ್ನೊಂದು, ಮಾತನಾಡುವವರ ಊರಿಗೆ ಮಾತ್ರ ಹೊಂದುವ ಕ್ರಮ. ವಾರಕ್ಕೆ ಎರಡು ಬಾರಿ ನೀರು ಸಾಕು ಎಂಬುದು ಎರಡನೆಯ ಬಗೆಯ ಮಾತು. ಬೇರು ಒದ್ದೆಯಾದ ಮೇಲೆ ಒಣಗಲು ಅವಕಾಶ ಬೇಕು ಎಂಬುದು ಮೊದಲನೆಯದು. ಕೇಳುಗರು ಇವೆರಡನ್ನು ಬೇರ್ಪಡಿಸಲು ಕೆಲವು ಪ್ರಶ್ನೆಗಳು ನೆರವಾಗುತ್ತವೆ: ಅತಿಥಿಯ ಊರಿನಲ್ಲಿ ಬೇಸಿಗೆಯ ಗರಿಷ್ಠ ಮತ್ತು ಚಳಿಗಾಲದ ರಾತ್ರಿಯ ಕನಿಷ್ಠ ಉಷ್ಣತೆ ಎಷ್ಟು, ಮಧ್ಯಾಹ್ನದ ಗಾಳಿಯಲ್ಲಿ ತೇವಾಂಶ ಎಷ್ಟು, ಬಳಸುವ ನೀರು ಮಳೆಯದೋ ಕೊಳವೆಬಾವಿಯದೋ, ಕುಂಡದಲ್ಲಿ ತುಂಬುವ ವಸ್ತು ಯಾವುದು ಮತ್ತು ನೀರು ಹಾಕಿದ ಎಷ್ಟು ಗಂಟೆಗಳಲ್ಲಿ ಅದು ಒಣಗುತ್ತದೆ. ಉಪನ್ಯಾಸಕ್ಕೆ ಮುನ್ನವೇ ಸಂಘವು ತನ್ನ ಊರಿನ ಇದೇ ವಿವರಗಳನ್ನು ಅತಿಥಿಗೆ ಕಳುಹಿಸಿದರೆ ಚರ್ಚೆಯು ಹೆಚ್ಚು ನಿಖರವಾಗುತ್ತದೆ.

ಕಲಿಕೆಯ ಮೂಲ ವಿಷಯಗಳು

ಬೇರು: ಅಪ್ಪುಗಿಡ ಆರ್ಕಿಡ್‌ಗಳ ಬೇರಿನ ಮೇಲೆ ವೆಲಾಮೆನ್ ಎಂಬ ಸ್ಪಂಜಿನಂತಹ ಹೊದಿಕೆ ಇರುತ್ತದೆ. ಒಣಗಿದಾಗ ಇದು ಬೆಳ್ಳಗೆ ಕಾಣುತ್ತದೆ. ನೀರು ಹೀರಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ತೋರುತ್ತದೆ. ನೀರು ಹಾಕಬೇಕೇ ಬೇಡವೇ ಎಂಬುದನ್ನು ದಿನಗಳ ಲೆಕ್ಕಕ್ಕಿಂತ ಬೇರಿನ ಬಣ್ಣದಿಂದ ತಿಳಿಯುವುದು ಹೆಚ್ಚು ನಂಬಲರ್ಹ. ಸದಾ ನೀರಿನಲ್ಲಿ ನೆನೆದಿರುವ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯುತ್ತದೆ.

ರಾತ್ರಿಯ ಉಸಿರಾಟ: ಫೆಲನಾಪ್ಸಿಸ್, ವಾಂಡ, ಕ್ಯಾಟ್ಲಿಯ ಮುಂತಾದ ದಪ್ಪ ಎಲೆಯ ಆರ್ಕಿಡ್‌ಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಅದನ್ನು ಆಮ್ಲದ ರೂಪದಲ್ಲಿ ಸಂಗ್ರಹಿಸಿ, ಮರುದಿನ ಬೆಳಕಿನಲ್ಲಿ ಆಹಾರ ತಯಾರಿಕೆಗೆ ಬಳಸುತ್ತವೆ. ಪಾಪಸುಕಳ್ಳಿ ಮತ್ತು ಅನಾನಸ್ ಗಿಡಗಳಲ್ಲೂ ಇದೇ ವ್ಯವಸ್ಥೆ ಇದೆ. ನೀರನ್ನು ಉಳಿಸುವ ಈ ಕ್ರಮದಿಂದಾಗಿ ಇಂತಹ ಆರ್ಕಿಡ್‌ಗಳಿಗೆ ಹಗಲಿನ ಹವೆಯಷ್ಟೇ ರಾತ್ರಿಯ ಉಷ್ಣತೆ ಮತ್ತು ತೇವಾಂಶವೂ ಮುಖ್ಯವಾಗುತ್ತವೆ.

ಹೂ ಬಿಡುವಿಕೆ: ಫೆಲನಾಪ್ಸಿಸ್ ಗಿಡದಲ್ಲಿ ಹೂಕಡ್ಡಿ ಮೂಡಲು ಕೆಲವು ವಾರಗಳ ತಂಪು ಅಗತ್ಯ. ವಾಣಿಜ್ಯ ಬೇಸಾಯದಲ್ಲಿ ಸಸ್ಯಗೃಹದ ಉಷ್ಣತೆಯನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಕ್ಕೆ ಇಳಿಸಿ ಇದನ್ನು ಸಾಧಿಸುತ್ತಾರೆ. ದೊಡ್ಡ ಹೂವಿನ ಸಿಂಬಿಡಿಯಮ್ ಸಂಕರ ತಳಿಗಳಿಗೆ ಇದಕ್ಕಿಂತಲೂ ತಂಪಾದ ರಾತ್ರಿಗಳು ಬೇಕು. ಆದುದರಿಂದ ಸಿಕ್ಕಿಂ, ಡಾರ್ಜಿಲಿಂಗ್‌ಗಳಲ್ಲಿ ಸುಲಭವಾಗಿ ಹೂ ಬಿಡುವ ಸಿಂಬಿಡಿಯಮ್ ಬಿಸಿ ಬಯಲಿನಲ್ಲಿ ಎಲೆಗಳನ್ನಷ್ಟೇ ಬಿಟ್ಟು ನಿಲ್ಲುವುದು ಸಾಮಾನ್ಯ. ಇದು ಆರೈಕೆಯ ಕೊರತೆಯಲ್ಲ, ಆಯ್ಕೆಯ ಕೊರತೆ.

ಬೀಜ ಮತ್ತು ಸಸ್ಯೋತ್ಪಾದನೆ: ಆರ್ಕಿಡ್ ಬೀಜವು ಧೂಳಿನಷ್ಟು ಸಣ್ಣದು. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿರುತ್ತವೆ. ಕೆಲವು ಪ್ರಭೇದಗಳಲ್ಲಿ ಈ ಸಂಖ್ಯೆ ಹತ್ತು ಲಕ್ಷವನ್ನೂ ಮೀರುತ್ತದೆ. ಆದರೆ ಬೀಜದಲ್ಲಿ ಆಹಾರ ಸಂಗ್ರಹವಿಲ್ಲದ ಕಾರಣ ನಿಸರ್ಗದಲ್ಲಿ ಅದು ಮೊಳೆಯಲು ನಿರ್ದಿಷ್ಟ ಶಿಲೀಂಧ್ರದ ನೆರವು ಬೇಕು. ಈ ಸಂಬಂಧವನ್ನು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಗುರುತಿಸಿದರು. ಶಿಲೀಂಧ್ರವಿಲ್ಲದೆ ಸಕ್ಕರೆಯುಕ್ತ ಮಾಧ್ಯಮದಲ್ಲಿ ಬೀಜ ಮೊಳೆಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದರು. 1960ರಲ್ಲಿ ಜಾರ್ಜ್ ಮೊರೆಲ್ ಅವರು ಕುಡಿಯ ತುದಿಯಿಂದ ಗಿಡಗಳನ್ನು ಪಡೆಯುವ ಅಂಗಾಂಶ ಕೃಷಿಯನ್ನು ಸಿಂಬಿಡಿಯಮ್‌ಗೆ ಅನ್ವಯಿಸಿದರು. ಇಂದು ನರ್ಸರಿಗಳಲ್ಲಿ ದೊರೆಯುವ ಬಹುಪಾಲು ಸಂಕರ ಗಿಡಗಳು ಪ್ರಯೋಗಾಲಯದಲ್ಲಿ ಹುಟ್ಟಿದವು.

ಬಯಲುಸೀಮೆಯಲ್ಲಿ ಅನ್ವಯ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ, ಹಿಂದೆ ಎಡೆದೊರೆ ನಾಡು ಎಂದು ಕರೆಯಲಾಗುತ್ತಿದ್ದ ಪ್ರದೇಶದಲ್ಲಿ ಈ ಮೂರು ತಾಲ್ಲೂಕುಗಳಿವೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಭತ್ತದ ಬೆಳೆಗೆ ಹೆಸರಾಗಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯೂ ಮುದಗಲ್ಲು ಕೋಟೆಯೂ ಇವೆ. 1915ರಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದ ಮಸ್ಕಿಯ ಸುತ್ತ ಕಲ್ಲುಬೆಟ್ಟಗಳಿವೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೋಲಿಕೆಗೆ, ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಬೆಳೆಗಾರರಿಗೆ ಗಿಡವನ್ನು ಕೊಳೆಯದಂತೆ ಕಾಯುವುದು ಮುಖ್ಯ ಸಮಸ್ಯೆ. ಮಸ್ಕಿಯ ಬೆಳೆಗಾರರಿಗೆ ಒಣಗದಂತೆ ಕಾಯುವುದು.

ನೀರು: ನೀರಿನ ಗುಣವು ಇಲ್ಲಿನ ಮೊದಲ ಪ್ರಶ್ನೆ. ಕೊಳವೆಬಾವಿಯ ನೀರು ಅನೇಕ ಕಡೆ ಗಡಸಾಗಿದ್ದು ಲವಣಯುಕ್ತವಾಗಿರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜೌಗು ಮತ್ತು ಸವಳು ನೆಲದ ಸಮಸ್ಯೆ ವ್ಯಾಪಕವಾಗಿದ್ದು, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಈ ವಿಷಯದಲ್ಲಿ ಸಂಶೋಧನೆ ನಡೆಸುತ್ತಿದೆ. ಭತ್ತವು ತಾಳಿಕೊಳ್ಳುವ ಲವಣಾಂಶವನ್ನು ಆರ್ಕಿಡ್ ಬೇರು ತಾಳಲಾರದು. ಪ್ರತಿ ಬಾರಿ ನೀರು ಆವಿಯಾದಾಗಲೂ ಲವಣವು ಕುಂಡದಲ್ಲೇ ಉಳಿದು, ಬೇರಿನ ತುದಿಯನ್ನು ಸುಡುತ್ತದೆ. ಆರ್ಕಿಡ್‌ಗಳಿಗೆ ನೀರಿನ ವಿದ್ಯುತ್‌ವಾಹಕತೆಯು ಮೀಟರಿಗೆ 0.5 ಡೆಸಿಸೀಮನ್ಸ್‌ಗಿಂತ ಕಡಿಮೆ ಇರುವುದು ಒಳ್ಳೆಯದೆಂದು ಪರಿಗಣಿಸಲಾಗಿದೆ.

ಇದಕ್ಕೆ ಸುಲಭ ಪರಿಹಾರ ಮಳೆನೀರು. ಹತ್ತು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 6,000 ಲೀಟರ್ ಆಗುತ್ತದೆ. ಐದನೆಯ ಒಂದು ಭಾಗ ನಷ್ಟವಾದರೂ 4,800 ಲೀಟರ್ ಉಳಿಯುತ್ತದೆ. ದಿನಕ್ಕೆ 10 ಲೀಟರ್ ಬಳಸುವ ಸಣ್ಣ ಸಂಗ್ರಹಕ್ಕೆ ಇದು ವರ್ಷಕ್ಕೂ ಮೀರಿ ಸಾಲುತ್ತದೆ. ಮುಚ್ಚಿದ ತೊಟ್ಟಿ ಮಾತ್ರ ಅಗತ್ಯ. ಮಳೆನೀರು ಸಾಲದ ಸಂದರ್ಭದಲ್ಲಿ ಗಡಸು ನೀರನ್ನು ಮಳೆನೀರಿನೊಡನೆ ಬೆರೆಸಿ, ನಿಯತವಾಗಿ ಶುದ್ಧ ಮಳೆನೀರಿನಿಂದ ಕುಂಡವನ್ನು ತೊಳೆಯಲಾಗುತ್ತದೆ.

ಗಾಳಿಯ ತೇವಾಂಶ: ಒಣ ಹವೆಗೆ ಒಂದು ಅನುಕೂಲವಿದೆ. ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗಿ ಸುತ್ತಲನ್ನು ತಂಪಾಗಿಸುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಇದೇ ತತ್ತ್ವದಿಂದ. ಗಿಡಗಳ ಕೆಳಗೆ ಒದ್ದೆ ಮರಳಿನ ಹಾಸು, ಗಾಳಿ ಬರುವ ದಿಕ್ಕಿಗೆ ತೊಯ್ದ ಗೋಣಿತಟ್ಟು, ಗಿಡಗಳನ್ನು ಒತ್ತಾಗಿ ಜೋಡಿಸುವುದು ಇವು ಬಯಲುಸೀಮೆಯಲ್ಲಿ ಉತ್ತಮ ಪರಿಣಾಮ ನೀಡುತ್ತವೆ. ಕರಾವಳಿಯ ತೇವ ಗಾಳಿಯಲ್ಲಿ ಇದೇ ಉಪಾಯದಿಂದ ಹೆಚ್ಚು ತಂಪು ದೊರೆಯದು; ಬದಲಿಗೆ ಶಿಲೀಂಧ್ರ ರೋಗ ಹೆಚ್ಚಬಹುದು. ಹೀಗಾಗಿ ಮಂಗಳೂರಿನ ಅತಿಥಿಯು ಸಂಜೆ ನೀರು ಹಾಕಬಾರದು ಎಂದರೆ ಅದು ಅಲ್ಲಿಗೆ ಸರಿ. ಲಿಂಗಸುಗೂರಿನ ಬೇಸಿಗೆಯಲ್ಲಿ ಮುಸ್ಸಂಜೆ ನೆಲವನ್ನೂ ಗೋಣಿಯನ್ನೂ ತೋಯಿಸುವುದು, ರಾತ್ರಿ ಪತ್ರರಂಧ್ರ ತೆರೆಯುವ ಗಿಡಗಳಿಗೆ ನೆರವಾಗುತ್ತದೆ. ಗಿಡದ ನಡುಸುಳಿಯಲ್ಲಿ ನೀರು ನಿಲ್ಲಬಾರದು ಎಂಬ ನಿಯಮ ಮಾತ್ರ ಎರಡೂ ಕಡೆಗೆ ಒಂದೇ.

ಬೆಳಕು ಮತ್ತು ಮಾಧ್ಯಮ: ಬೇಸಿಗೆಯಲ್ಲಿ ಡೆಂಡ್ರೋಬಿಯಮ್‌ಗಳಿಗೆ ಶೇಕಡಾ 50ರಷ್ಟು ಮತ್ತು ಫೆಲನಾಪ್ಸಿಸ್‌ಗಳಿಗೆ ಅದಕ್ಕಿಂತ ಹೆಚ್ಚು ನೆರಳು ಬೇಕಾಗುತ್ತದೆ. ಪಡುವಣ ಗೋಡೆಯ ಬಳಿ ಮಧ್ಯಾಹ್ನದ ಕಾವು ಹೆಚ್ಚಿರುವುದರಿಂದ ಮೂಡಣ ಅಥವಾ ಬಡಗಣ ದಿಕ್ಕಿನ ಜಾಗವು ಲೇಸು. ಮರದ ತುಂಡಿಗೆ ಕಟ್ಟಿದ ಗಿಡವು ಬಿಸಿಗಾಳಿಯಲ್ಲಿ ಬಲುಬೇಗ ಒಣಗುವುದರಿಂದ ಇದ್ದಿಲು, ಹೆಂಚಿನ ಚೂರು ಮತ್ತು ತೆಂಗಿನ ಸಿಪ್ಪೆಯ ತುಂಡು ತುಂಬಿದ ಮಣ್ಣಿನ ಕುಂಡವು ಹೊಸಬರಿಗೆ ಅನುಕೂಲ. ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಲವಣ ಇರುವುದರಿಂದ ಅದನ್ನು ಹಲವು ಬಾರಿ ನೀರಿನಲ್ಲಿ ನೆನೆಸಿ ತೊಳೆದು ಬಳಸಬೇಕು.

ಬಯಲಿಗೆ ಹೊಂದುವ ಪ್ರಭೇದಗಳು

ಆರ್ಕಿಡ್ ಎಂದರೆ ಮಲೆನಾಡಿಗೆ ಮಾತ್ರ ಸೇರಿದ್ದು ಎಂಬ ಕಲ್ಪನೆ ಪೂರ್ಣವಾಗಿ ಸರಿಯಲ್ಲ. ವಾಂಡ ಟೆಸೆಲ್ಲೇಟ ಮತ್ತು ಅಕಾಂಪೆ ಪ್ರಿಮೋರ್ಸ ಪ್ರಭೇದಗಳು ದಕ್ಷಿಣ ಭಾರತದ ಎಲೆಯುದುರುವ ಒಣ ಕಾಡುಗಳಲ್ಲಿಯೂ ಬೆಳೆಯುತ್ತವೆ. ಇವುಗಳ ದಪ್ಪ ಬೇರು ಮತ್ತು ಗಡಸು ಎಲೆಗಳು ದೀರ್ಘ ಒಣ ಋತುವನ್ನು ಎದುರಿಸಲು ಶಕ್ತವಾಗಿವೆ. ಯೂಲೋಫಿಯ ಮತ್ತು ಹಬೆನೇರಿಯ ಕುಲಗಳ ಅನೇಕ ಪ್ರಭೇದಗಳು ಬೇಸಿಗೆಯಲ್ಲಿ ನೆಲದೊಳಗಿನ ಗೆಡ್ಡೆಯಾಗಿ ಉಳಿದು, ಮಳೆ ಬಂದಾಗ ಚಿಗುರುತ್ತವೆ. ಝ್ಯೂಕ್ಸಿನ್ ಸ್ಟ್ರಾಟ್ಯುಮ್ಯಾಟಿಕ ಎಂಬ ಪುಟ್ಟ ನೆಲವಾಸಿ ಆರ್ಕಿಡ್ ಭತ್ತದ ಗದ್ದೆಯ ಬದು, ಕಾಲುವೆಯ ದಂಡೆ ಮತ್ತು ಹುಲ್ಲುಹಾಸಿನಂತಹ ತೇವ ನೆಲೆಗಳಲ್ಲಿ ಬೆಳೆಯುವ ಪ್ರಭೇದವಾಗಿದೆ. ಇಂತಹ ಗಿಡಗಳನ್ನು ಗುರುತಿಸಲು ಕಲಿತವರಿಗೆ ಊರಿನ ಹೊಲದ ಬದುವೂ ಪಾಠಶಾಲೆಯಾಗುತ್ತದೆ.

ವಾಂಡ ಟೆಸೆಲ್ಲೇಟವು ಬಂಗಾಳದಲ್ಲಿ 'ರಾಸ್ನಾ' ಎಂಬ ಹೆಸರಿನಿಂದ ಔಷಧಕ್ಕೆ ಬಳಕೆಯಲ್ಲಿದೆ. ದಕ್ಷಿಣ ಭಾರತದಲ್ಲಿ ಅದೇ ಹೆಸರಿನಿಂದ ಶುಂಠಿಯ ಕುಟುಂಬದ ದುಂಪರಾಸ್ಮೆಯನ್ನು ಬಳಸುವ ರೂಢಿಯಿದೆ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕುಟುಂಬಗಳು ನೆಲೆಸಿರುವುದರಿಂದ, ಒಂದೇ ಹೆಸರು ಎರಡು ಗಿಡಗಳಿಗೆ ಸಲ್ಲುವ ಈ ಸಂಗತಿಯು ಇಲ್ಲಿ ಕೇವಲ ಪುಸ್ತಕದ ಮಾತಲ್ಲ. ಸಂಘಗಳಲ್ಲಿ ರೂಢಿಯ ಹೆಸರಿನೊಡನೆ ವೈಜ್ಞಾನಿಕ ಹೆಸರನ್ನೂ ಚೀಟಿಯಲ್ಲಿ ಬರೆದಿಡುವ ಪದ್ಧತಿಗೆ ಇಂತಹ ಗೊಂದಲಗಳೇ ಕಾರಣ.

ಸಂಕರ ತಳಿಗಳಲ್ಲಿ ಬಿಸಿಗೆ ಹೊಂದುವ ಡೆಂಡ್ರೋಬಿಯಮ್, ವಾಂಡ ಮತ್ತು ಮೊಕಾರ ಗುಂಪಿನವು ಬಯಲುಸೀಮೆಯ ಹೊಸ ಬೆಳೆಗಾರರಿಗೆ ಸೂಕ್ತ. ಫೆಲನಾಪ್ಸಿಸ್ ನೆರಳು ಮತ್ತು ತೇವಾಂಶದ ವ್ಯವಸ್ಥೆಯಿದ್ದರೆ ಬದುಕಬಲ್ಲದು. ಡಿಸೆಂಬರ್–ಜನವರಿಯ ತಂಪು ರಾತ್ರಿಗಳು ಅದರ ಹೂಕಡ್ಡಿಗೆ ಅನುಕೂಲಕರ.

ಕಾನೂನು ಮತ್ತು ಸಂರಕ್ಷಣೆ

ಕಾಡಿನಿಂದ ಕಿತ್ತು ತಂದ ಆರ್ಕಿಡ್‌ಗಳು ಬಯಲಿನಲ್ಲಿ ಬದುಕುವ ಸಾಧ್ಯತೆ ಕಡಿಮೆ. ಅವು ತಮ್ಮ ಎತ್ತರ, ಮಂಜು, ಆಶ್ರಯ ಮರ ಮತ್ತು ಬೇರಿನ ಶಿಲೀಂಧ್ರ ಇವೆಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತವೆ. ಗಿಡ ಸತ್ತಾಗ ಮತ್ತೊಂದನ್ನು ತರುವ ಅಭ್ಯಾಸವು ಕಾಡಿನ ಸಂತತಿಯನ್ನು ನೇರವಾಗಿ ಕುಗ್ಗಿಸುತ್ತದೆ. ಆದ್ದರಿಂದ ತಪ್ಪು ಸಲಹೆಯ ನಷ್ಟವು ಬೆಳೆಗಾರರ ಅಂಗಳದಲ್ಲಿ ಮುಗಿಯದೆ ಘಟ್ಟದ ಕಾಡಿನವರೆಗೆ ತಲುಪುತ್ತದೆ.

ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತವು 1976ರಲ್ಲಿ ಸೇರಿತು. ಇಡೀ ಆರ್ಕಿಡೇಸೀ ಕುಟುಂಬವು ಈ ಒಪ್ಪಂದದ ಅನುಬಂಧಗಳ ವ್ಯಾಪ್ತಿಯಲ್ಲಿದೆ. ಬಹುಪಾಲು ಪ್ರಭೇದಗಳು ಎರಡನೆಯ ಅನುಬಂಧದಲ್ಲಿಯೂ, ಪ್ಯಾಫಿಯೋಪೆಡಿಲಮ್ ಕುಲವು ಹೆಚ್ಚು ಕಟ್ಟುನಿಟ್ಟಾದ ಮೊದಲನೆಯ ಅನುಬಂಧದಲ್ಲಿಯೂ ಸೇರಿವೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ನೀಲಿ ವಾಂಡ, ಕೆಂಪು ವಾಂಡ ಮತ್ತು ಪ್ಯಾಫಿಯೋಪೆಡಿಲಮ್‌ಗಳಿಗೆ ವಿಶೇಷ ರಕ್ಷಣೆ ನೀಡಿದೆ.

ಈ ಕಾರಣಗಳಿಂದ ಅನೇಕ ಸಂಘಗಳು ಕಾಡಿನಿಂದ ತಂದ ಗಿಡಗಳನ್ನು ಪ್ರದರ್ಶನಕ್ಕಾಗಲಿ ವಿನಿಮಯಕ್ಕಾಗಲಿ ಸ್ವೀಕರಿಸುವುದಿಲ್ಲ. ಸದಸ್ಯರು ತಮ್ಮ ಗಿಡದಿಂದ ಬೇರ್ಪಡಿಸಿದ ಮರಿಗಳನ್ನು ಪರಸ್ಪರ ಹಂಚಿಕೊಳ್ಳುವುದು ಸಾಮಾನ್ಯ ಪದ್ಧತಿ. ಒಂದು ಊರಿನ ಬಿಸಿಲಿಗೂ ನೀರಿಗೂ ಒಗ್ಗಿ ಹಲವು ಬೇಸಿಗೆಗಳನ್ನು ಕಳೆದ ಗಿಡದ ಮರಿಯು, ಅದನ್ನು ಬೆಳೆಸಿದ ಕ್ರಮದ ಟಿಪ್ಪಣಿಯೊಡನೆ ಕೈಯಿಂದ ಕೈಗೆ ಸಾಗಿದಾಗ, ಮುಂದಿನ ಬೆಳೆಗಾರರಿಗೆ ಹೊಸ ಗಿಡವನ್ನು ಕಾಡಿನಿಂದ ತರಿಸುವ ಅಗತ್ಯ ಉಳಿಯುವುದಿಲ್ಲ.